ಹಳೇ ಕಂಪ್ಯೂಟರಿಗೆ ಅಪ್‌ಡೇಟ್: ಮೊದಲು ಕರೆಂಟು, ಆಮೇಲೆ ಬಟನ್ನು

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಮಾರನೇ ದಿನ ಯಾರ ಕಂಪ್ಯೂಟರೂ ಕೆಟ್ಟು ಕೂರಲಿಲ್ಲವಾದ್ದರಿಂದ ಬಹಳ ಜನ ಆ ತಾರೀಖನ್ನು ಗಮನಿಸಲೇ ಇಲ್ಲ. ಮೈಸೂರಿನ ದಟ್ಟಗಳ್ಳಿಯಂಥ ಬಡಾವಣೆಯಲ್ಲಿ ಅದರ ಬಿಸಿ ನಿಧಾನವಾಗಿ ತಟ್ಟುತ್ತಿದೆ. ಮಗ ಬೆಂಗಳೂರಿಗೋ ಅಮೆರಿಕಕ್ಕೋ ಹೋಗುವಾಗ ಅಪ್ಪನಿಗೆ ಬಿಟ್ಟುಹೋದ ಡೆಸ್ಕ್‌ಟಾಪ್, ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಅವಸರದಲ್ಲಿ ಕೊಂಡ ಲ್ಯಾಪ್‌ಟಾಪ್, ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡ ಟ್ಯಾಕ್ಸ್ ಸಲಹೆಗಾರರ ಟ್ಯಾಲಿ ಯಂತ್ರ, ಸರ್ಕಲ್ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಧೂಳು ಕುಡಿಯುತ್ತ ದುಡಿಯುವ ಸಿಪಿಯು. ಇವೆಲ್ಲ ಚೆನ್ನಾಗಿಯೇ ಓಡುತ್ತಿವೆ. ಓಡುತ್ತಿರುವುದನ್ನು ಮುಟ್ಟಬೇಕೇ ಬೇಡವೇ ಅನ್ನುವುದೇ ಎಲ್ಲರ ಪ್ರಶ್ನೆ.

ಮುಟ್ಟಬೇಕು. ಆದರೆ ಕ್ರಮವಾಗಿ. ಹಳೇ ಯಂತ್ರದಲ್ಲಿ ಅಪ್‌ಡೇಟ್ ಕೈಕೊಟ್ಟಾಗ ನಾವು ಅಪ್‌ಡೇಟನ್ನೇ ಬೈಯುತ್ತೇವೆ. ನಿಜವಾದ ಕಾರಣ ಹುಡುಕಿದರೆ ಹೆಚ್ಚಿನ ಸಲ ಅದು ನಡುವೆ ಹೋದ ಕರೆಂಟು, ಸಾಯುತ್ತಿದ್ದ ಹಾರ್ಡ್ ಡಿಸ್ಕ್, ತುಂಬಿ ತುಳುಕುತ್ತಿದ್ದ ಸಿ ಡ್ರೈವ್ ಅಥವಾ ಬ್ಯಾಕಪ್ ಇಲ್ಲದೆ ಹೊಡೆದ ಫಾರ್ಮ್ಯಾಟ್ ಆಗಿರುತ್ತದೆ.

ಬಿಟ್ಟರೆ ಏನಾಗುತ್ತದೆ ಎನ್ನುವವರಿಗೆ 2017ರ ಉದಾಹರಣೆ ಸಾಕು. ವಿಂಡೋಸಿನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದೇ ತೇಪೆ ಬಿಡುಗಡೆ ಮಾಡಿತ್ತು. ಅದೇ ದೋಷ ಬಳಸಿಕೊಂಡ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡತೊಡಗಿದ್ದು ಮೇ 12ಕ್ಕೆ, ಅಂದರೆ ಎರಡು ತಿಂಗಳ ನಂತರ. ಸಿಕ್ಕಿಬಿದ್ದದ್ದು ಈ ಎರಡು ತಿಂಗಳಲ್ಲಿ ಅಪ್‌ಡೇಟ್ ಹಾಕಿಕೊಳ್ಳದ ಯಂತ್ರಗಳು. ಪಕ್ಕದ ಆಂಧ್ರದ ಕೆಲವು ಪೊಲೀಸ್ ಠಾಣೆಗಳ ಕಂಪ್ಯೂಟರುಗಳೂ ಅವುಗಳಲ್ಲಿದ್ದವು.

ಕರೆಂಟಿನ ವಿಚಾರ

ಅಪ್‌ಡೇಟ್ ನಡೆಯುವಾಗ, ಅದರಲ್ಲೂ ಪರದೆಯ ಮೇಲೆ ಶೇಕಡಾ ಲೆಕ್ಕ ಏರುತ್ತಿರುವಾಗ, ಯಂತ್ರ ತನ್ನ ಬುಡದ ಕಡತಗಳನ್ನೇ ಬದಲಿಸುತ್ತಿರುತ್ತದೆ. ಆಗ ಕರೆಂಟ್ ಹೋದರೆ ವಿಂಡೋಸ್ ಸಾಮಾನ್ಯವಾಗಿ ಹಿಂದಿನ ಸ್ಥಿತಿಗೆ ಮರಳಲು ನೋಡುತ್ತದೆ. ಹಳೇ ಡಿಸ್ಕಿನಲ್ಲಿ ಈ ಪ್ರಯತ್ನ ಪ್ರತಿ ಸಲವೂ ಫಲಿಸುವುದಿಲ್ಲ.

ಮೈಸೂರಿನಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೂರರ ಮೇಲೆ ಗುಡುಗಿತೆಂದರೆ ಕರೆಂಟ್ ಹೋಯಿತೆಂದೇ ಲೆಕ್ಕ. ಆ ಹೊತ್ತಿನಲ್ಲಿ ಅಪ್‌ಡೇಟಿಗೆ ಕೈ ಹಾಕಬೇಡಿ. ವಿದ್ಯುತ್ ಕಂಪನಿ ಸೆಸ್ಕ್‌ನವರು ನಿರ್ವಹಣೆ ಕೆಲಸಕ್ಕೆ ಲೈನ್ ತೆಗೆಯುವ ದಿನ ಪತ್ರಿಕೆಯಲ್ಲಿ ‘ವಿದ್ಯುತ್ ವ್ಯತ್ಯಯ’ ಎಂಬ ಪುಟ್ಟ ಪ್ರಕಟಣೆ ಬಂದಿರುತ್ತದೆ; ಅದರಲ್ಲಿ ನಿಮ್ಮ ಬಡಾವಣೆಯ ಹೆಸರಿದೆಯೇ ಎಂದು ಒಮ್ಮೆ ಕಣ್ಣಾಡಿಸಿ.

‘ನಮ್ಮನೇಲಿ ಇನ್ವರ್ಟರ್ ಇದೆಯಲ್ಲ’ ಎನ್ನುವವರು ಎರಡು ಸಂಗತಿ ನೋಡಬೇಕು. ಒಂದು, ಕಂಪ್ಯೂಟರಿನ ಪ್ಲಗ್ ಪಾಯಿಂಟಿಗೆ ಇನ್ವರ್ಟರ್ ಲೈನ್ ಬಂದಿದೆಯೇ? ಎಷ್ಟೋ ಮನೆಗಳಲ್ಲಿ ಅದು ಲೈಟು, ಫ್ಯಾನುಗಳಿಗಷ್ಟೇ ಎಳೆದ ಲೈನು. ಎರಡು, ಹಲವು ಇನ್ವರ್ಟರುಗಳಲ್ಲಿ ಹಿಂಬದಿಗೋ ಪಕ್ಕಕ್ಕೋ ‘ಯುಪಿಎಸ್’ ಮತ್ತು ‘ಇಕೊ’ ಅಥವಾ ‘ನಾರ್ಮಲ್’ ಎಂದು ಬರೆದ ಪುಟ್ಟ ಸ್ವಿಚ್ ಇರುತ್ತದೆ. ಇಕೊದಲ್ಲಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗಲು ಕೊಂಚ ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಡೆಸ್ಕ್‌ಟಾಪ್ ಮಾತ್ರ ಆರಿ ಮತ್ತೆ ಶುರುವಾಗಿಬಿಡುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆಗಿಟ್ಟು, ಬೇರೇನೂ ಕೆಲಸ ತೆರೆದಿಲ್ಲದಾಗ ಇನ್ವರ್ಟರಿಗೆ ಕರೆಂಟು ಕೊಡುವ ಸ್ವಿಚ್ ಆರಿಸಿ ಪರೀಕ್ಷೆ ಮಾಡಿ. ಕಂಪ್ಯೂಟರ್ ಬದುಕಿದ್ದರೆ ಮುಂದುವರಿಯಬಹುದು.

ಲ್ಯಾಪ್‌ಟಾಪಿನವರು ಬ್ಯಾಟರಿ ಇದೆ ಎಂದು ನಿಶ್ಚಿಂತರಾಗಿರುತ್ತಾರೆ. ಆರೇಳು ವರ್ಷದ ಬ್ಯಾಟರಿ ಪರದೆಯ ಮೇಲೆ ನೂರು ಎಂದು ತೋರಿಸುತ್ತಿದ್ದರೂ ಚಾರ್ಜರ್ ಕಿತ್ತ ಐದೇ ನಿಮಿಷಕ್ಕೆ ಕಣ್ಣು ಮುಚ್ಚಬಹುದು. ಒಮ್ಮೆ ಚಾರ್ಜರ್ ತೆಗೆದು ಅರ್ಧ ಗಂಟೆ ನಡೆಸಿ ನೋಡಿ. ನಿಲ್ಲದಿದ್ದರೆ ಅದನ್ನೂ ಡೆಸ್ಕ್‌ಟಾಪ್ ಎಂದೇ ತಿಳಿದು ಯುಪಿಎಸ್ ಲೈನಿಗೆ ಸಿಕ್ಕಿಸಿ.

ಗಡಿಯಾರ ಮತ್ತು ಡಿಸ್ಕು

ಹಳೇ ಡೆಸ್ಕ್‌ಟಾಪಿನ ಒಂದು ವಿಚಿತ್ರ ಕಾಯಿಲೆ ಹೀಗಿದೆ. ಅಪ್‌ಡೇಟ್ ಒತ್ತಿದರೆ ದೋಷದ ಸಂಖ್ಯೆ ಬರುತ್ತದೆ. ಬ್ಯಾಂಕಿನ ವೆಬ್‌ಸೈಟ್ ತೆರೆದರೆ ‘ಸುರಕ್ಷಿತವಲ್ಲ’ ಎನ್ನುತ್ತದೆ. ಇಂಟರ್ನೆಟ್ಟಿನವನಿಗೆ ಫೋನ್ ಮಾಡಿದರೆ ಲೈನ್ ಸರಿಯಿದೆ ಎನ್ನುತ್ತಾನೆ. ಪರದೆಯ ಬಲ ಮೂಲೆಯ ತಾರೀಖು ನೋಡಿ: ಹತ್ತು ವರ್ಷ ಹಿಂದಿನ ಜನವರಿ 1 ಇರುತ್ತದೆ! ಮದರ್‌ಬೋರ್ಡಿನ ಮೇಲಿರುವ ಬಿಲ್ಲೆ ಬ್ಯಾಟರಿ ಸತ್ತಿದೆ ಎಂದರ್ಥ. ಮೇನ್ ಸ್ವಿಚ್ ಆರಿಸಿದಾಗಲೆಲ್ಲ ಯಂತ್ರ ತಾರೀಖು ಮರೆಯುತ್ತದೆ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ತಪ್ಪು ತಾರೀಖಿನ ಯಂತ್ರಕ್ಕೆ ಅವೆಲ್ಲ ಅಸಿಂಧುವಾಗಿ ಕಾಣುತ್ತವೆ. ಸಿಆರ್2032 ಎಂದು ಕೇಳಿ. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು ಬದಲಿಸಿ ತಾರೀಖು ಸರಿಮಾಡಿದರೆ ಆಯಿತು. ಈ ಚಿಲ್ಲರೆ ಖರ್ಚಿನ ಕೆಲಸಕ್ಕೆ ಇಡೀ ವಿಂಡೋಸನ್ನೇ ಹೊಸದಾಗಿ ಹಾಕಿಸಿಕೊಂಡವರಿದ್ದಾರೆ.

ಮುಂದೆ ಹಾರ್ಡ್ ಡಿಸ್ಕ್. ದೊಡ್ಡ ಅಪ್‌ಡೇಟ್ ಎಂದರೆ ಡಿಸ್ಕಿಗೆ ಗಂಟೆಗಟ್ಟಲೆ ಬಿಡುವಿಲ್ಲದ ದುಡಿತ. ಮೊದಲೇ ಬಳಲಿರುವ ಡಿಸ್ಕು ಅಲ್ಲಿಯೇ ಪ್ರಾಣ ಬಿಡಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದರ ಆರೋಗ್ಯವನ್ನು ನೀಲಿ, ಹಳದಿ, ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಹಳದಿ ಕಂಡರೆ ಅಪ್‌ಡೇಟ್ ಬದಿಗಿಟ್ಟು ಮೊದಲು ಕಡತಗಳನ್ನು ಹೊರಗೆ ತೆಗೆಯಿರಿ, ಡಿಸ್ಕ್ ಬದಲಿಸಿ. ಬದಲಿಸುವಾಗ ಎಸ್‌ಎಸ್‌ಡಿಯನ್ನೇ ಹಾಕಿಸಿ. ಹಳೇ ಲ್ಯಾಪ್‌ಟಾಪಿಗೆ ನಾನು ಒಂದೇ ಒಂದು ಖರ್ಚು ಶಿಫಾರಸು ಮಾಡಬೇಕೆಂದರೆ ಅದು ಇದೇ. ‘ಕಂಪ್ಯೂಟರ್ ಸ್ಲೋ ಆಗಿದೆ, ಹೊಸದು ತಗೊಳ್ಳೋಣ’ ಎನ್ನುವ ಮನೆಗಳಲ್ಲಿ ಅರ್ಧಕ್ಕರ್ಧ ದೂರು ತಿರುಗುವ ಹಾರ್ಡ್ ಡಿಸ್ಕಿನದು. ರ‍್ಯಾಮ್ ಏರಿಸುವುದಾದರೆ ನಿಮ್ಮದು ಡಿಡಿಆರ್3 ಅಥವಾ ಡಿಡಿಆರ್4, ಯಾವುದೆಂದು ನೋಡಿಕೊಂಡೇ ಕೊಳ್ಳಿ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಜಾಗವೂ ಬೇಕು. 64 ಬಿಟ್ ವಿಂಡೋಸ್ 10ರ ದೊಡ್ಡ ಅಪ್‌ಡೇಟಿಗೆ ಸಿ ಡ್ರೈವಿನಲ್ಲಿ 20 ಜಿಬಿಯಷ್ಟಾದರೂ ಖಾಲಿ ಇರಲಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿರುವ ಮದುವೆ ವಿಡಿಯೊ, ವಾಟ್ಸ್ಆ್ಯಪ್ ಫಾರ್ವರ್ಡುಗಳನ್ನು ಸ್ಥಳಾಂತರಿಸಿದರೇ ಬಹುಪಾಲು ಜಾಗ ಸಿಗುತ್ತದೆ.

‘ಡಿ ಡ್ರೈವಲ್ಲಿರೋದೆಲ್ಲ ಸೇಫು ಸಾರ್’

ರಿಪೇರಿ ಹುಡುಗರ ಈ ಮಾತು ಸುಳ್ಳಲ್ಲ, ಆದರೆ ಅರ್ಧ ನಿಜ. ಫಾರ್ಮ್ಯಾಟ್ ಹೊಡೆದಾಗ ಅಳಿಯುವುದು ಸಿ ಡ್ರೈವ್. ನಿಮ್ಮ ಡೆಸ್ಕ್‌ಟಾಪಿನ ಮೇಲಿರುವ ಫೋಲ್ಡರುಗಳು, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲ ಸಾಮಾನ್ಯವಾಗಿ ಇರುವುದು ಅದೇ ಸಿ ಡ್ರೈವಿನಲ್ಲಿ. ಟ್ಯಾಲಿ ದತ್ತಾಂಶ ಎಲ್ಲಿದೆ ಎಂದು ಟ್ಯಾಲಿಯಲ್ಲೇ ನೋಡಿ ಬರೆದಿಟ್ಟುಕೊಳ್ಳಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳೂ ಹೋಗುತ್ತವೆ. ಇವನ್ನೆಲ್ಲ ಬಾಹ್ಯ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ನಾಲ್ಕು ಫೋಟೊ ನಾಲ್ಕು ಕಡತ ಬಿಚ್ಚಿ ನೋಡಿದ ಮೇಲಷ್ಟೇ ಬ್ಯಾಕಪ್ ಆಯಿತೆನ್ನಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ. ಹಳೇ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪಿಸಿದ ಎಷ್ಟೋ ಕಡತಗಳು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ ತೊಡಿಸಿದ ಫಾಂಟುಗಳವು. ಹೊಸ ವಿಂಡೋಸಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ನಿವೃತ್ತ ಮೇಷ್ಟ್ರ ಇಡೀ ಆತ್ಮಕಥೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತದೆ. ಕಡತ ಹಾಳಾಗಿರುವುದಿಲ್ಲ, ಗಾಬರಿ ಬೇಡ. ಹಳೇ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಸಾಧ್ಯವಾದರೆ ಪರಿವರ್ತಕ ಬಳಸಿ ಕಡತಗಳನ್ನು ಯೂನಿಕೋಡಿಗೆ ತಂದುಬಿಡಿ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳಿದೆಯೇ ಎಂದು ಒಮ್ಮೆ ಓದಿ. ವಿಂಡೋಸ್ 7ರ ಕಾಲದ ತುಂಗಾ ಫಾಂಟ್ ಕಾಣೆಯಾದರೆ, ವಿಂಡೋಸ್ 10 ಮತ್ತು 11ರಲ್ಲಿ ಅದು ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಕನ್ನಡದ ಪೂರಕ ಫಾಂಟ್ ಎಂಬ ಹೆಸರಿನಡಿ ಇದೆ. ಉಚಿತವಾಗಿಯೇ ಸೇರಿಸಿಕೊಳ್ಳಬಹುದು.

ಮೂರು ದಾರಿ

ಈಗ ಯಂತ್ರವನ್ನು ಏನು ಮಾಡುವುದು? ಅದರ ವಯಸ್ಸಿಗಿಂತ ಅದರಲ್ಲಿ ನಡೆಯುವ ಕೆಲಸ ನೋಡಿ ತೀರ್ಮಾನಿಸಿ. ಬ್ಯಾಂಕು, ಜಿಎಸ್‌ಟಿ, ಆದಾಯ ತೆರಿಗೆ, ಗಿರಾಕಿಗಳ ಆಧಾರ್ ಪ್ರತಿ ಹಾದುಹೋಗುವ ಯಂತ್ರಕ್ಕೆ ಭದ್ರತಾ ಅಪ್‌ಡೇಟ್ ಇರಲೇಬೇಕು. ಬರೀ ಟೈಪ್ ಮಾಡಲು, ಹಾಡು ಕೇಳಲು ಇರುವುದಾದರೆ ಇಂಟರ್ನೆಟ್ ತಂತಿ ಕಿತ್ತು ಹಾಗೇ ಬಳಸಿ, ತಕರಾರಿಲ್ಲ. ಹೊರಗಿನ ಪೆನ್‌ಡ್ರೈವ್ ಚುಚ್ಚುವಾಗ ಮಾತ್ರ ಹುಷಾರು.

ಮೊದಲ ದಾರಿ ವಿಂಡೋಸ್ 11. ಇದಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್ ಕೋರ್ ಆದರೆ ಸ್ಥೂಲವಾಗಿ ಎಂಟನೇ ಪೀಳಿಗೆಯಿಂದ ಮೇಲಿನವು. ಪ್ರೊಸೆಸರಿನ ಪೂರ್ತಿ ಹೆಸರು ಹುಡುಕಿ: ಐ5-7200ಯು ಎಂದಿದ್ದರೆ ಏಳನೇ ಪೀಳಿಗೆ, ಆಗುವುದಿಲ್ಲ, ಐ5-8250ಯು ಎಂದಿದ್ದರೆ ಎಂಟು, ಆಗುತ್ತದೆ, ಐ3-10110ಯು ಅಂದರೆ ಹತ್ತು. ಕೊರೊನಾ ಕಾಲದಲ್ಲಿ ಕೊಂಡವುಗಳಲ್ಲಿ ಹಲವು ಈ ಬಾಗಿಲು ದಾಟುತ್ತವೆ. ಎಎಂಡಿ, ಸೆಲೆರಾನ್, ಪೆಂಟಿಯಂಗಳಲ್ಲಿ ಬರೀ ಅಂಕಿ ನೋಡಿ ಹೇಳುವುದು ಸಲೀಸಲ್ಲ. ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಹಾಕಿ ಕೇಳಿಬಿಡಿ.

ಅದು ‘ಇಲ್ಲ’ ಎಂದ ಕೂಡಲೇ ಕೈಚೆಲ್ಲಬೇಡಿ. ಪ್ರೊಸೆಸರ್ ಸರಿಯಿದ್ದು ಟಿಪಿಎಂ ಒಂದೇ ಇಲ್ಲ ಎಂದಿದ್ದರೆ, ಅದು ಬಯೋಸ್‌ನಲ್ಲಿ ಆರಿಸಿಟ್ಟಿರಬಹುದು. ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಅಡಗಿರುತ್ತದೆ. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪುಗಳಲ್ಲಿ ಇದು ಮಾಮೂಲು. ಆದರೆ ಬಯೋಸ್‌ನಲ್ಲಿ ಲೆಗಸಿ ಎಂದಿರುವುದನ್ನು ಸುಮ್ಮನೆ ಯುಇಎಫ್‌ಐಗೆ ತಿರುಗಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಡಿಸ್ಕಿನ ವಿನ್ಯಾಸವನ್ನು ಎಂಬಿಆರ್‌ನಿಂದ ಜಿಪಿಟಿಗೆ ಮೊದಲು ಬದಲಿಸಬೇಕು. ಅದಕ್ಕೆ ವಿಂಡೋಸಿನಲ್ಲೇ ಸಲಕರಣೆ ಇದೆ. ರೂಢಿಯಿಲ್ಲದವರು ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವುದು ಲೇಸು. ಬಯೋಸ್ ಮುಟ್ಟುವ ಮುನ್ನ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ. ಇದ್ದರೆ ಮರುಚಾಲೂ ಆಗುವಾಗ 48 ಅಂಕಿಗಳ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆ ಅಮೆರಿಕದಲ್ಲಿರುವ ಮಗನ ಹೆಸರಲ್ಲಿದ್ದರೆ, ಅವನು ಎದ್ದಿರುವ ಹೊತ್ತು ನೋಡಿ ಮೊದಲೇ ಫೋನ್ ಮಾಡಿ ಕೀ ಬರೆದುಕೊಳ್ಳಿ.

ಅರ್ಹತೆಯ ತಪಾಸಣೆಯನ್ನೇ ತಪ್ಪಿಸಿ ಹನ್ನೊಂದನ್ನು ಹಾಕಿಕೊಡುವವರೂ ಇದ್ದಾರೆ. ಹಾಕಬಹುದು, ಓಡುತ್ತದೆ ಕೂಡ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುತ್ತೇವೆಂಬ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟ್ ಹೇಳಿಯಾಗಿದೆ. ಮನೆಯ ಆಟದ ಯಂತ್ರಕ್ಕೆ ಸರಿ. ಗಿರಾಕಿಗಳ ಲೆಕ್ಕ ಇಡುವ ಯಂತ್ರಕ್ಕೆ ನಾನಂತೂ ಒಪ್ಪುವುದಿಲ್ಲ. ಕ್ರ್ಯಾಕ್ ಮಾಡಿದ ವಿಂಡೋಸಿಗೂ ಇದೇ ಮಾತು. ಅದನ್ನು ‘ಆ್ಯಕ್ಟಿವೇಟ್’ ಮಾಡುವ ತಂತ್ರಾಂಶಗಳಲ್ಲಿ ಎಷ್ಟೋ ಮೊದಲು ಮಾಡುವ ಕೆಲಸವೇ ಆ್ಯಂಟಿವೈರಸ್ ಬಾಯಿ ಕಟ್ಟುವುದು.

ಎರಡನೇ ದಾರಿ ವಿಂಡೋಸ್ 10ರಲ್ಲೇ ಉಳಿದು ವಿಸ್ತರಿತ ಭದ್ರತಾ ಅಪ್‌ಡೇಟಿಗೆ ಹೆಸರು ನೋಂದಾಯಿಸುವುದು. ಮನೆಬಳಕೆಯವರಿಗೆ ಇದು 2026ರ ಅಕ್ಟೋಬರ್ 13ರವರೆಗೆ ಎಂದು ಕಂಪನಿ ಘೋಷಿಸಿದೆ. ಮೂರು ಬಗೆಯಲ್ಲಿ ಪಡೆಯಬಹುದು: ವಿಂಡೋಸ್ ಬ್ಯಾಕಪ್ ಚಾಲೂ ಮಾಡಿ ಸೆಟ್ಟಿಂಗುಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಿದರೆ ಉಚಿತ, ಇಲ್ಲವೇ 1000 ರಿವಾರ್ಡ್ಸ್ ಅಂಕ, ಇಲ್ಲವೇ 30 ಡಾಲರ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಬೆಲೆ. ಒಂದು ಖಾತೆಯಲ್ಲಿ 10 ಯಂತ್ರಗಳವರೆಗೆ ಸೇರಿಸಬಹುದು. ಷರತ್ತೆಂದರೆ ಯಂತ್ರ ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2ರಲ್ಲಿರಬೇಕು. ವಿಂಡೋಸ್ ಕೀ ಜೊತೆಗೆ ಆರ್ ಒತ್ತಿ, ವಿನ್‌ವರ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದರೆ ಆವೃತ್ತಿ ಕಾಣುತ್ತದೆ. 1909, 2004 ಎಂದೇನಾದರೂ ಬಂದರೆ ಮೊದಲು 22ಎಚ್2ಗೆ ಬನ್ನಿ. ನೋಂದಣಿಯ ಕೊಂಡಿ ಆಮೇಲೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸಿಗುತ್ತದೆ. ಇದು ಬರೀ ಭದ್ರತೆಗೆ; ಹೊಸ ಸೌಲಭ್ಯ ಏನೂ ಬರುವುದಿಲ್ಲ. ನನ್ನ ಪ್ರಕಾರ ಅದೇ ಒಳ್ಳೆಯದು.

ಮೂರನೆಯದು ಲಿನಕ್ಸ್. ಏಳನೇ ಪೀಳಿಗೆ ಮತ್ತು ಅದಕ್ಕಿಂತ ಹಿಂದಿನ, 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಚೆನ್ನಾಗಿ ಒಗ್ಗುತ್ತದೆ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಉಂಟು. ಹಾಕುವ ಮೊದಲೇ ಪೆನ್‌ಡ್ರೈವಿನಿಂದ ನಡೆಸಿ ವೈಫೈ, ಸೌಂಡು, ಪ್ರಿಂಟರ್ ಎಲ್ಲ ನೋಡಬಹುದು, ಡಿಸ್ಕನ್ನು ಮುಟ್ಟದೆ. ಕನ್ನಡಕ್ಕೆ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ. ಗುಬ್ಬಿ, ನವಿಲು ಫಾಂಟುಗಳೂ ಸಿಗುತ್ತವೆ. ‘ಅದೆಲ್ಲ ಎಂಜಿನಿಯರುಗಳಿಗೆ’ ಎನ್ನುವವರು ಕಾಸರಗೋಡಿನ ಕಡೆ ನೋಡಲಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸೇ ನಡೆಯುವುದು, ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ಆದರೆ ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗೆ ಲಿನಕ್ಸ್ ಬೇಡ. ಸಣ್ಣ ಆಫೀಸುಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರನ್ನು ಅದರಲ್ಲಿ ನಡೆಸುವುದೂ ತಲೆನೋವಿನ ಕೆಲಸ. ಮ್ಯಾಕ್ ಇಟ್ಟುಕೊಂಡವರಿಗೆ ಒಂದೇ ಮಾತು: ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಿಗೆ ಟಾಹೋ ಎಂಬ 26ನೇ ಆವೃತ್ತಿಯೇ ಕೊನೆಯದೆಂದು ಆ್ಯಪಲ್ ಹೇಳಿದೆ.

ವಿಂಡೋಸ್ 7ರಲ್ಲೇ ಇರುವವರೂ ಇದ್ದಾರೆ. ಅದರ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ಕ್ರೋಮ್ ಬ್ರೌಸರ್ ಅಲ್ಲಿ 109ನೇ ಆವೃತ್ತಿಗೇ ನಿಂತಿದೆ. ಅದರಲ್ಲಿ ಬ್ಯಾಂಕ್ ವ್ಯವಹಾರ ದಯವಿಟ್ಟು ಬೇಡ.

ಒತ್ತಿದ ಮೇಲೆ

ತಿಂಗಳ ಅಪ್‌ಡೇಟ್ ಬರುವುದು ಪ್ರತಿ ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗ್ಗೆ ಹತ್ತಕ್ಕೆ. ನಮಗಾಗ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಹಾಗಾಗಿ ಮರುದಿನ ಬುಧವಾರ ಬೆಳಗ್ಗೆ ಅಂಗಡಿ ತೆರೆದು ಕಂಪ್ಯೂಟರ್ ಹಚ್ಚಿದಾಗ ‘ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ’ ಎಂಬ ಪರದೆ ಎದುರಾಗುವುದು, ಹೊರಗೆ ಗಿರಾಕಿ ಕಾಯುವುದು. ಹಳೇ ಯಂತ್ರದವರು ಅದನ್ನು ಒಂದು ವಾರ ತಡೆಹಿಡಿದು, ಮುಂದಿನ ಭಾನುವಾರ ಬೆಳಗ್ಗೆ ನಿಧಾನವಾಗಿ ಹಾಕಿಕೊಳ್ಳಿ. ಅಪ್‌ಡೇಟಿನಲ್ಲೇ ಎಡವಟ್ಟಿದ್ದರೆ ಅಷ್ಟರಲ್ಲಿ ಸುದ್ದಿ ಬಂದಿರುತ್ತದೆ. ತಡೆಯುವ ಸೌಲಭ್ಯ 35 ದಿನದವರೆಗೂ ಇದೆ, ಅಷ್ಟು ಎಳೆಯಬೇಡಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದರೆ ದಿನದ ಡೇಟಾ ಒಂದೇ ಏಟಿಗೆ ಖಾಲಿಯಾಗುವುದು ತಪ್ಪುತ್ತದೆ. ಅಪ್‌ಡೇಟ್ ದಿನ ಬ್ರಾಡ್‌ಬ್ಯಾಂಡ್ ಇರುವ ಮನೆಗೆ ಹೋಗಿ.

ಪ್ರಿಂಟರ್, ಪೆನ್‌ಡ್ರೈವ್, ಡಾಂಗಲ್ ಎಲ್ಲ ಕಿತ್ತಿಡಿ. ಕೀಬೋರ್ಡು, ಮೌಸು ಸಾಕು. ಮೂವತ್ತು ಶೇಕಡಾದಲ್ಲಿ ಮುಕ್ಕಾಲು ಗಂಟೆ ನಿಂತರೂ ಪವರ್ ಬಟನ್ನಿಗೆ ಕೈ ಹೋಗಬಾರದು. ಡಿಸ್ಕಿನ ಪುಟ್ಟ ದೀಪ ಮಿಟುಕುತ್ತಿದ್ದರೆ ಕೆಲಸ ನಡೆದಿದೆ ಎಂದರ್ಥ. ದೀಪವೂ ನಿಂತು ಮೂರು ಗಂಟೆ ಕಳೆದರಷ್ಟೇ ಬಟನ್ ಒತ್ತಿ ಹಿಡಿಯುವ ಮಾತು. ಹನ್ನೊಂದಕ್ಕೆ ಹೋದವರಿಗೆ ಹಿಡಿಸದಿದ್ದರೆ ಹತ್ತು ದಿನದೊಳಗೆ ಹಿಂದಿನದಕ್ಕೆ ಮರಳಬಹುದು. ಅಲ್ಲಿಯವರೆಗೆ ಸಿ ಡ್ರೈವಿನ ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಬೇಡಿ. ಈ ಹತ್ತು ದಿನದಲ್ಲೇ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ ಎಲ್ಲ ಪರೀಕ್ಷಿಸಿ ಮುಗಿಸಿ.

ಬ್ರೌಸರಿನಲ್ಲಿ ಏಕಾಏಕಿ ಕೆಂಪು ಪರದೆ ಬಂದು, ಜೋರಾಗಿ ಕೂಗಿ, ‘ನಿಮ್ಮ ವಿಂಡೋಸ್ ಹಳತಾಗಿದೆ, ಈ ನಂಬರಿಗೆ ಕರೆ ಮಾಡಿ’ ಎಂದರೆ ಅದು ವಂಚಕರ ಬಲೆ. ಮೈಕ್ರೋಸಾಫ್ಟಿನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಕರೆ ಮಾಡಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಇಷ್ಟೆಲ್ಲ ನೋಡಿ ಯಂತ್ರವನ್ನು ಬೀಳ್ಕೊಡುವುದೇ ಸರಿ ಎನಿಸಿದರೆ ಗುಜರಿಯವರಿಗೆ ತೂಕಕ್ಕೆ ಹಾಕುವ ಮೊದಲು ಹಾರ್ಡ್ ಡಿಸ್ಕನ್ನು ಬಿಚ್ಚಿಟ್ಟುಕೊಳ್ಳಿ. ಫಾರ್ಮ್ಯಾಟ್ ಹೊಡೆದ ಡಿಸ್ಕಿನಿಂದಲೂ ಫೋಟೊ, ಪ್ಯಾನ್ ಕಾರ್ಡ್ ಪ್ರತಿಗಳನ್ನು ಹೊರತೆಗೆಯಬಹುದು. ಕೆಲಸ ಮಾಡುವ ಹಳೇ ಡಿಸ್ಕಿಗೆ ಒಂದು ಯುಎಸ್‌ಬಿ ಡಬ್ಬಿ ಕೊಂಡು ಹಾಕಿದರೆ ಅದೇ ಇನ್ನೊಂದು ಬ್ಯಾಕಪ್ ಪ್ರತಿಯಾಗುತ್ತದೆ. ಉಳಿದ ಡಬ್ಬ, ಬೋರ್ಡು, ಬ್ಯಾಟರಿಗಳನ್ನು ಇ-ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೇ ಕೊಡಿ. ಊದಿಕೊಂಡ ಲ್ಯಾಪ್‌ಟಾಪ್ ಬ್ಯಾಟರಿಯನ್ನಂತೂ ಬೆಳಗಿನ ಕಸದ ಆಟೋದವರ ಕೈಗೆ ಕೊಡಬೇಡಿ. ಗಾಡಿಯಲ್ಲಿ ಒತ್ತಡ ಬಿದ್ದರೆ ಅದು ಹೊತ್ತಿಕೊಳ್ಳುತ್ತದೆ.